ಬೋರ್‌ವೆಲ್ ಬತ್ತಿದರೂ ಬೇಸ್‌ಮೆಂಟ್ ಯಾಕೆ ಒಣಗುವುದಿಲ್ಲ?

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಮೀಟಿಂಗ್‌ನಲ್ಲಿ ಈಗೀಗ ಎರಡು ದೂರು ಜೊತೆಯಾಗಿಯೇ ಬರುತ್ತವೆ. ಬೋರ್‌ವೆಲ್ ಬತ್ತಿದೆ, ಟ್ಯಾಂಕರ್ ಖರ್ಚು ತಡೆಯಲಾಗುತ್ತಿಲ್ಲ ಎನ್ನುವುದು ಒಂದು. ಕೆಳಗಿನ ಪಾರ್ಕಿಂಗ್‌ನಲ್ಲಿ ನೀರು ಜಿನುಗುತ್ತಿದೆ, ಪಂಪ್ ಹಗಲೂ ರಾತ್ರಿ ಓಡುತ್ತಿದೆ ಎನ್ನುವುದು ಇನ್ನೊಂದು. 1,200 ಅಡಿ ಕೊರೆದರೂ ಸಿಗದ ನೀರು 12 ಅಡಿಯಲ್ಲಿ ಬೇಡವೆಂದರೂ ಬರುತ್ತದೆ.

2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಸರ್ಕಾರಿ ಬೋರ್‌ವೆಲ್‌ಗಳು ಕೈಕೊಟ್ಟವು. ಅದಕ್ಕೂ ಮುಂಚೆ, 2022ರ ಸೆಪ್ಟೆಂಬರ್‌ನಲ್ಲಿ, ಬೆಳ್ಳಂದೂರು ಮತ್ತು ಔಟರ್ ರಿಂಗ್ ರೋಡ್ ಸುತ್ತಲಿನ ಬೇಸ್‌ಮೆಂಟ್‌ಗಳು ತುಂಬಿ ನಿಂತಿದ್ದವು. 2025ರ ಮೇನಲ್ಲಿ ಬಿಟಿಎಂ ಲೇಔಟ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಬೇಸ್‌ಮೆಂಟ್ ನೀರನ್ನು ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು. ಈಗ 30×40 ಸೈಟಿನಲ್ಲೂ ಕಾರಿಗೆ ಜಾಗ ಬೇಕೆಂದು ನಾಲ್ಕೈದು ಅಡಿ ನೆಲ ಅಗೆಯುವುದು ಮಾಮೂಲಾಗಿದೆ. ಹಾಗಾಗಿ ನೆಲದಡಿಯ ಗೋಡೆಗೂ ನೀರಿಗೂ ಇರುವ ಸಂಬಂಧ ಎಂಜಿನಿಯರ್‌ಗಳಿಗೆ ಮಾತ್ರ ಬೇಕಾದ ವಿಷಯವಾಗಿ ಉಳಿದಿಲ್ಲ.

ಒಂದೇ ನೆಲ, ಎರಡು ನೀರು

ಬೆಂಗಳೂರು ಕೂತಿರುವುದು ಗಟ್ಟಿ ಬಂಡೆಯ ಮೇಲೆ. ಆದರೆ ಬಂಡೆ ನೇರವಾಗಿ ಸಿಗುವುದಿಲ್ಲ. ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಗರಸು, ಅಂದರೆ ಬಂಡೆಯೇ ಲಕ್ಷಾಂತರ ವರ್ಷ ನೀರು ಕುಡಿದು ಪುಡಿಯಾದ ಪದರ. ಅದರ ಕೆಳಗೆ ಬಿರುಕು ಬಿಟ್ಟ ಬಂಡೆ. ಈ ಪದರಗಳ ದಪ್ಪ ಬಡಾವಣೆಯಿಂದ ಬಡಾವಣೆಗೆ ಬೇರೆ. ಕೆಲವು ಸಲ ಒಂದೇ ರಸ್ತೆಯ ಎರಡು ತುದಿಯಲ್ಲೂ ಬೇರೆ.

ಮಳೆ ನೀರು ಇಂಗಿ ಮೊದಲು ಗರಸಿನ ಸಂದುಗಳನ್ನು ತುಂಬುತ್ತದೆ. ಹಳೆಯ ತೆರೆದ ಬಾವಿಗಳಿಗೆ ಒರತೆ ಬರುತ್ತಿದ್ದದ್ದು ಇಲ್ಲಿಂದಲೇ. ಅಲ್ಲಿಂದ ಕೆಳಗಿನ ಬಂಡೆಯ ಬಿರುಕಿಗೆ ನೀರು ಇಳಿಯುವುದು ಬಹಳ ನಿಧಾನ. ಬೋರ್‌ವೆಲ್‌ನವರು ಮೇಲಿನ ಸಡಿಲ ಪದರ ಕುಸಿಯದಿರಲಿ ಎಂದು ಕೇಸಿಂಗ್ ಪೈಪ್ ಇಳಿಸುತ್ತಾರಲ್ಲ, ಅದೇ ಪೈಪು ಗರಸಿನ ನೀರನ್ನೂ ಆಚೆಗೇ ನಿಲ್ಲಿಸುತ್ತದೆ. ಬೋರ್‌ವೆಲ್ ಕುಡಿಯುವುದು ಆಳದ ಬಿರುಕುಗಳ ನೀರನ್ನು. ನಾವು ಎಳೆದು ಎಳೆದು ಖಾಲಿ ಮಾಡಿರುವುದು ಅದನ್ನು. ಮೇಲಿನ ನೀರು ಅದರ ಪಾಡಿಗೆ ಅದು ಇದೆ. ಜೊತೆಗೆ ಒಡೆದ ಕಾವೇರಿ ಪೈಪು, ಸೋರುವ ಒಳಚರಂಡಿ, ಹತ್ತಿರದ ಕೆರೆ, ಪಕ್ಕದವರ ತೋಟ ಎಲ್ಲವೂ ಅದಕ್ಕೆ ನೀರು ಸೇರಿಸುತ್ತಲೇ ಇರುತ್ತವೆ. ಬೇಸ್‌ಮೆಂಟ್‌ಗಾಗಿ ತೋಡಿದ ಗುಂಡಿ ಒಂದರ್ಥದಲ್ಲಿ ಅಗಲವಾದ ತೆರೆದ ಬಾವಿಯೇ.

ಮಣ್ಣಿನ ಸಂದುಗಳು ಪೂರ್ತಿ ನೀರಿನಿಂದ ತುಂಬಿರುವ ಮಟ್ಟವನ್ನು ಅಂತರ್ಜಲ ಮಟ್ಟ ಅನ್ನುತ್ತಾರೆ. ಇದು ಒಂದೇ ಕಡೆ ನಿಲ್ಲುವುದಿಲ್ಲ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೇಲೇರುತ್ತದೆ, ಏಪ್ರಿಲ್‌ಗೆ ಇಳಿಯುತ್ತದೆ. ಮನೆ ಕಟ್ಟುವ ಮುಂಚೆ ಮಾಡಿಸುವ ಮಣ್ಣು ಪರೀಕ್ಷೆಯ ವರದಿಯಲ್ಲಿ ನೀರಿನ ಮಟ್ಟ ಎಷ್ಟಿತ್ತು ಎಂದು ಒಂದು ಸಾಲು ಇರುತ್ತದೆ. ಅದು ಕೊರೆದ ದಿನದ ಮಟ್ಟ. ಬೇಸಿಗೆಯಲ್ಲಿ ಕೊರೆದು ‘ನೀರು ಸಿಗಲಿಲ್ಲ’ ಎಂದು ಬರೆದಿದ್ದರೆ ನಂಬಿ ಕೂರುವಂತಿಲ್ಲ. ಅಕ್ಕಪಕ್ಕದಲ್ಲಿ ಹಳೆ ಬಾವಿ ಇದ್ದರೆ ದೀಪಾವಳಿ ಹೊತ್ತಿಗೆ ಅದರಲ್ಲಿ ನೀರು ಎಷ್ಟು ಮೇಲಿರುತ್ತದೆ ಎಂದು ಅಲ್ಲಿನ ಹಿರಿಯರನ್ನು ಕೇಳಿ. ಖರ್ಚಿಲ್ಲದೆ ಸಿಗುವ ಒಳ್ಳೆಯ ಮಾಹಿತಿ ಅದು.

ಇನ್ನೊಂದು ವಿಚಾರ ಇದೆ. ದಿಣ್ಣೆಯ ಮೇಲಿನ ಸೈಟು, ಅಂತರ್ಜಲ ಎಲ್ಲೋ ಆಳದಲ್ಲಿದೆ, ಆದರೂ ಗೋಡೆ ಒದ್ದೆ. ಇದು ಹೇಗೆ? ಗೋಡೆ ಕಟ್ಟುವಾಗ ಕೆಲಸಗಾರರು ಓಡಾಡಲೆಂದು ಗುಂಡಿಯನ್ನು ಎರಡು ಮೂರು ಅಡಿ ಅಗಲವಾಗಿಯೇ ತೋಡುತ್ತಾರೆ. ಗೋಡೆ ಎದ್ದ ಮೇಲೆ ಆ ಸಂದಿಗೆ ಮಣ್ಣು ತುಂಬುತ್ತಾರೆ. ಸುತ್ತಲಿನ ನೆಲ ಬಿಗಿ, ತುಂಬಿದ ಮಣ್ಣು ಸಡಿಲ. ಚಾವಣಿಯಿಂದ, ಅಂಗಳದಿಂದ ಬಂದ ಮಳೆ ನೀರು ಸಡಿಲ ಮಣ್ಣಿಗೆ ಸಲೀಸಾಗಿ ಇಳಿಯುತ್ತದೆ. ಆಚೆಗೆ ಹೋಗಲು ದಾರಿ ಇಲ್ಲದೆ ಗೋಡೆಗೆ ಒರಗಿ ನಿಲ್ಲುತ್ತದೆ. ಇದು ಅಂತರ್ಜಲವಲ್ಲ, ನಾವೇ ಗೋಡೆಯ ಸುತ್ತ ಕಟ್ಟಿಕೊಂಡ ಕೊಳ.

ಎರಡು ಇಂಚು ನೀರಾದರೂ ಸಾಕು

ನಿಂತ ನೀರು ಮಾಡುವ ಕೆಲಸ ಬರೀ ತೇವವಲ್ಲ, ಅದು ತಳ್ಳುತ್ತದೆ. ಲೆಕ್ಕ ಸುಲಭ. 1 ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಮೀಟರಿಗೆ ಸುಮಾರು 1 ಟನ್ ಒತ್ತುತ್ತದೆ. 3 ಮೀಟರ್ ಆಳದಲ್ಲಿ 3 ಟನ್. ಕೆಳಕ್ಕೆ ಮಾತ್ರ ಅಲ್ಲ, ಪಕ್ಕಕ್ಕೂ ಅಷ್ಟೇ, ಮೇಲಕ್ಕೂ ಅಷ್ಟೇ.

ಇಲ್ಲಿ ಜನ ಎಡವುವುದು ಒಂದು ಕಡೆ. ‘ಅಯ್ಯೋ, ಗೋಡೆ ಪಕ್ಕ ಎಷ್ಟು ಮಹಾ ನೀರಿರುತ್ತೆ’ ಎಂದುಕೊಳ್ಳುತ್ತಾರೆ. ನೀರಿನ ಒತ್ತಡಕ್ಕೆ ಎತ್ತರ ಮುಖ್ಯ, ಪ್ರಮಾಣ ಅಲ್ಲ. ಗೋಡೆಗೂ ಮಣ್ಣಿಗೂ ನಡುವೆ ಎರಡು ಇಂಚಿನ ಸಂದಿಯಲ್ಲಿ 3 ಮೀಟರ್ ಎತ್ತರ ನೀರು ನಿಂತರೂ, ಆಚೆ ಬೆಳ್ಳಂದೂರು ಕೆರೆಯೇ ಅಷ್ಟು ಎತ್ತರ ನಿಂತರೂ ಗೋಡೆಗೆ ಬೀಳುವ ಒತ್ತಡ ಒಂದೇ.

3 ಮೀಟರ್ ಎತ್ತರ, 10 ಮೀಟರ್ ಉದ್ದದ ಒಂದು ಗೋಡೆ ಇಟ್ಟುಕೊಳ್ಳೋಣ. ಹಿಂದೆ ಮರಳು ಮಿಶ್ರಿತ ಒಣ ಮಣ್ಣು ಮಾತ್ರ ಇದ್ದರೆ ಆ ಗೋಡೆ ತಡೆಯಬೇಕಾದ ತಳ್ಳು ಹೆಚ್ಚುಕಡಿಮೆ 27 ಟನ್. ಅದೇ ಮಣ್ಣು ಮೇಲಿನವರೆಗೆ ನೀರಿನಲ್ಲಿ ಮುಳುಗಿದರೆ ನೀರಿನದ್ದೇ 45 ಟನ್. ಮಣ್ಣು ನೀರಲ್ಲಿ ತುಸು ಹಗುರವಾಗುವುದರಿಂದ ಅದರ ಪಾಲು 15 ಟನ್‌ಗೆ ಇಳಿಯುತ್ತದೆ. ಒಟ್ಟು 60 ಟನ್, ಎರಡು ಪಟ್ಟಿಗೂ ಜಾಸ್ತಿ. ಮಣ್ಣಿನ ಲೆಕ್ಕಕ್ಕೆ ಮಾತ್ರ ಕಟ್ಟಿದ ಇಟ್ಟಿಗೆ ಗೋಡೆ ಅಥವಾ ಸೈಜುಗಲ್ಲಿನ ಗೋಡೆ ಮಳೆಗಾಲದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಬೀಳುವುದಕ್ಕೆ ಇದೇ ಕಾರಣ.

ನೆಲದ ಕಥೆ ಇನ್ನೂ ಸೂಕ್ಷ್ಮ. 6 ಇಂಚಿನ ಕಾಂಕ್ರೀಟ್ ನೆಲ ಚದರ ಮೀಟರಿಗೆ ಸುಮಾರು 360 ಕೆ.ಜಿ. ತೂಗುತ್ತದೆ. ಅದರ ತಳದಿಂದ 14–15 ಇಂಚು ಮೇಲಕ್ಕೆ ಹೊರಗಿನ ನೀರು ಏರಿದರೆ ಸಾಕು, ಕೆಳಗಿನಿಂದ ಎತ್ತುವ ಬಲ ನೆಲದ ತೂಕಕ್ಕೆ ಸಮ. ಇನ್ನೂ ಏರಿದರೆ ನೆಲ ನಡುವೆ ಉಬ್ಬಿ ಸೀಳುತ್ತದೆ, ಟೈಲ್ಸ್ ಎದ್ದು ಬರುತ್ತವೆ. ದೊಡ್ಡ ಕಟ್ಟಡಗಳಲ್ಲಿ ಬೇಸ್‌ಮೆಂಟ್‌ಗೆ ದಪ್ಪ ಕಂಬಿಯ ಚಪ್ಪಡಿ, ಅಂದರೆ ರಾಫ್ಟ್, ಹಾಕಿ ಅದನ್ನು ಗೋಡೆ ಮತ್ತು ಕಂಬಗಳಿಗೆ ಹೆಣೆಯುವುದು ಕಟ್ಟಡದ ಭಾರವೇ ಅದನ್ನು ಅದುಮಿ ಹಿಡಿಯಲಿ ಎಂದೂ ಹೌದು.

ಕಟ್ಟಡ ಇನ್ನೂ ಮೇಲೇಳದಿದ್ದಾಗ ಇದು ಅಪಾಯಕಾರಿ. ಎರಡು ಬೇಸ್‌ಮೆಂಟ್ ಸೇರಿ 7 ಮೀಟರ್ ಆಳ, ನೀರಿನ ಮಟ್ಟ ನೆಲದಿಂದ 2 ಮೀಟರ್ ಕೆಳಗೆ. ಆಗ ನೀರು ರಾಫ್ಟನ್ನು ಚದರ ಮೀಟರಿಗೆ 5 ಟನ್ ಬಲದಿಂದ ಮೇಲಕ್ಕೆ ಎತ್ತುತ್ತಿರುತ್ತದೆ. ಒಂದೊಂದು ಮಹಡಿಯ ತೂಕ ಚದರ ಮೀಟರಿಗೆ ಸುಮಾರು 1 ಟನ್ ಎಂದಿಟ್ಟುಕೊಂಡರೆ, ರಾಫ್ಟ್ ತೂಕ ಸೇರಿಸಿಯೂ ನಾಲ್ಕೈದು ಮಹಡಿ ಏಳುವವರೆಗೆ ಸೈಟಿನ ಪಂಪ್ ನಿಲ್ಲಿಸುವಂತಿಲ್ಲ. ದುಡ್ಡಿಲ್ಲದೆ ಅರ್ಧಕ್ಕೆ ನಿಂತ ಕಟ್ಟಡಗಳಲ್ಲಿ ಡೀಸೆಲ್ ಉಳಿಸಲು ಪಂಪ್ ಆಫ್ ಮಾಡಿದರೆ ಏನಾಗಬಹುದು ಎಂದು ಊಹಿಸಿ. ಖಾಲಿ ಮಾಡಿದ ಈಜುಕೊಳ, ಮಳೆಗಾಲದಲ್ಲಿ ತೊಳೆಯಲೆಂದು ಬರಿದು ಮಾಡಿದ ನೆಲದಡಿಯ ಟ್ಯಾಂಕ್ ಜಾಗದಿಂದ ಮೇಲೇಳುವುದೂ ಇದೇ ಲೆಕ್ಕದಲ್ಲಿ.

ಅಡಿಕೆ ತೋಟದವರಿಗೆ ಗೊತ್ತಿರುವ ಉಪಾಯ

ಈ ಒತ್ತಡವನ್ನು ಇಳಿಸುವ ದಾರಿ ಮಲೆನಾಡಿನ ಯಾವ ಅಡಿಕೆ ಬೆಳೆಗಾರರಿಗೂ ಹೊಸದಲ್ಲ. ತೋಟದಲ್ಲಿ ಸಾಲುಗಳ ನಡುವೆ ಬಸಿಗಾಲುವೆ ತೆಗೆಯುತ್ತಾರೆ. ಕರಾವಳಿಯಲ್ಲಿ ಕಣಿ ಅನ್ನುತ್ತಾರೆ. ಕಾಲುವೆಯ ತಳ ಬೇರಿಗಿಂತ ಕೆಳಗಿರುತ್ತದೆ. ಅಕ್ಕಪಕ್ಕದ ಮಣ್ಣಿನ ನೀರು ಬಸಿದು ಕಾಲುವೆಗೆ ಬರುತ್ತದೆ, ಇಳಿಜಾರಿನಲ್ಲಿ ತೋಟದ ಆಚೆ ಹೋಗುತ್ತದೆ. ಬೇರಿನ ಸುತ್ತ ನೀರು ನಿಲ್ಲುವುದಿಲ್ಲ. ಮಳೆಯನ್ನು ಯಾರೂ ತಡೆಯಲಿಲ್ಲ, ನೀರು ನಿಲ್ಲುವ ಮಟ್ಟವನ್ನು ಇಳಿಸಿದರು ಅಷ್ಟೇ.

ಬೇಸ್‌ಮೆಂಟ್ ಗೋಡೆಯ ಬುಡದಲ್ಲಿ ಮಾಡುವುದೂ ಅದನ್ನೇ. ಕಾಲುವೆ ಮಣ್ಣಿನಡಿ ಹುದುಗಿರುತ್ತದೆ ಎನ್ನುವುದು ಮಾತ್ರ ವ್ಯತ್ಯಾಸ. ಗೋಡೆಯ ಹೊರಗೆ, ಪಾಯದ ಪಕ್ಕದಲ್ಲಿ, ತೂತುಗಳಿರುವ 4 ಇಂಚಿನ ಪಿವಿಸಿ ಪೈಪನ್ನು ಸುತ್ತಲೂ ಹಾಯಿಸುತ್ತಾರೆ. ಅದರ ಸುತ್ತ ತೊಳೆದ ಜಲ್ಲಿ, 20 ಅಥವಾ 40 ಎಂಎಂನದ್ದು. ಇಡೀ ಜಲ್ಲಿಯನ್ನು ಸುತ್ತಿ ಜಿಯೋಟೆಕ್ಸ್‌ಟೈಲ್ ಎಂಬ ದಪ್ಪ ಬಟ್ಟೆ. ಈ ಬಟ್ಟೆ ನೀರನ್ನು ಬಿಡುತ್ತದೆ, ಮಣ್ಣನ್ನು ಬಿಡುವುದಿಲ್ಲ. ಬಟ್ಟೆ ಹಾಕದೆ ಉಳಿಸಿದ ದುಡ್ಡು ಕೆಲವೇ ವರ್ಷದಲ್ಲಿ ನೀರುಪಾಲು. ಸಣ್ಣ ಮಣ್ಣು ಜಲ್ಲಿಯೊಳಗೆ ಸೇರಿ, ಪೈಪಿಗೂ ನುಗ್ಗಿ, ಎಲ್ಲ ಕಟ್ಟಿಕೊಳ್ಳುತ್ತದೆ. ಆಮೇಲೆ ಸರಿಮಾಡಲು ಗೋಡೆಯ ಸುತ್ತ ಮತ್ತೆ ಹತ್ತು ಅಡಿ ಅಗೆಯಬೇಕು.

ಪೈಪಿನ ವಿಷಯದಲ್ಲಿ ಮೂರು ಮಾತು. ತೂತುಗಳು ಕೆಳಮುಖವಾಗಿರಬೇಕು. ಮೇಲಿಂದ ಸುರಿಯುವ ನೀರನ್ನು ಹಿಡಿಯಲು ತೂತು ಮೇಲಿರಬೇಕು ಎಂದು ಬಹಳ ಮೇಸ್ತ್ರಿಗಳು ವಾದಿಸುತ್ತಾರೆ. ಆದರೆ ಜಲ್ಲಿಯಲ್ಲಿ ನೀರು ತುಂಬುವುದು ತಳದಿಂದ ಮೇಲಕ್ಕೆ. ತೂತು ಕೆಳಗಿದ್ದರೆ ನೀರು ಇನ್ನೂ ತಗ್ಗಿನಲ್ಲಿರುವಾಗಲೇ ಪೈಪಿಗೆ ಬೀಳುತ್ತದೆ. ಎರಡನೆಯದು, ಪೈಪ್ ಬೇಸ್‌ಮೆಂಟ್ ಒಳಗಿನ ನೆಲದ ಮಟ್ಟಕ್ಕಿಂತ ಕೆಳಗಿರಬೇಕು, ಆದರೆ ಪಾಯದ ತಳಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಪಾಯದ ಅಡಿಯ ಮಣ್ಣೇ ಜರಿಯಬಹುದು. ಮೂರನೆಯದು ಇಳಿಜಾರು, 100 ಅಡಿಗೆ ಒಂದು ಅಡಿಯಾದರೂ ಬೇಕು. ಮೂಲೆಗಳಲ್ಲಿ ಮೇಲಿನವರೆಗೆ ಬರುವ ಒಂದು ಪೈಪ್ ನಿಲ್ಲಿಸಿದರೆ ಮುಂದೆ ನೀರು ಹಾಯಿಸಿ ತೊಳೆಯಬಹುದು.

ನೀರು ಕೊನೆಗೆ ಎಲ್ಲಿಗೆ ಹೋಗಬೇಕು? ಸೈಟು ಇಳಿಜಾರಿನಲ್ಲಿದ್ದರೆ ಪೈಪು ತಗ್ಗಿನ ಕಡೆ ತಾನಾಗಿ ಹೊರಬೀಳುತ್ತದೆ. ಕರೆಂಟೂ ಬೇಡ, ಪಂಪೂ ಬೇಡ. ಸಮತಟ್ಟು ಜಾಗದಲ್ಲಿ ಬೇರೆ ದಾರಿಯಿಲ್ಲ, ಬೇಸ್‌ಮೆಂಟ್‌ನ ಮೂಲೆಯಲ್ಲಿ ಗುಂಡಿ ಮಾಡಿ ಪಂಪ್ ಕೂರಿಸಬೇಕು. ನಮ್ಮ ಕಡೆ ಸಂಪ್ ಅಂದರೆ ಬಳಕೆಯ ನೀರಿನ ತೊಟ್ಟಿ. ಬಸಿನೀರಿನ ಗುಂಡಿ ಅದಲ್ಲ, ಎರಡೂ ದೂರ ದೂರ ಇದ್ದರೆ ಒಳ್ಳೆಯದು. ಬಳಕೆಯ ಸಂಪ್ ಬೇಸ್‌ಮೆಂಟ್ ನೆಲದಡಿ ಇದ್ದು ಅದರ ಗೋಡೆ ಬಿರುಕು ಬಿಟ್ಟಿದ್ದರೆ, ನೀವು ಸಂಪ್ ಖಾಲಿ ಮಾಡಿದಾಗಲೆಲ್ಲ ಹೊರಗಿನ ನೀರು ಒಳಗೆ ಬರುತ್ತದೆ. ಅದರಲ್ಲಿ ಒಳಚರಂಡಿಯದ್ದೂ ಇರಬಹುದು.

ಮಣ್ಣು ತುಂಬುವ ದಿನ

ಇಡೀ ಕೆಲಸದಲ್ಲಿ ಯಾರೂ ನಿಂತು ನೋಡದ ದಿನ ಒಂದಿದೆ. ಗೋಡೆಯ ಹೊರಗಿನ ಸಂದಿಗೆ ಮಣ್ಣು ತುಂಬುವ ದಿನ. ಚಾವಣಿ ಹಾಕುವ ದಿನ ಮನೆಯವರೆಲ್ಲ ಬರುತ್ತಾರೆ, ಪೂಜೆ ಮಾಡುತ್ತಾರೆ, ಸ್ವೀಟ್ ಹಂಚುತ್ತಾರೆ. ಮಣ್ಣು ತುಂಬುವ ದಿನ ಜೆಸಿಬಿಯವನೊಬ್ಬನೇ. ಆ ಸಂದಿಯೊಳಗೆ ಒಮ್ಮೆ ಬಗ್ಗಿ ನೋಡಿ. ಒಡೆದ ಇಟ್ಟಿಗೆ, ಖಾಲಿ ಸಿಮೆಂಟ್ ಚೀಲ, ಸೆಂಟ್ರಿಂಗ್ ಹಲಗೆಯ ತುಂಡು, ಗಟ್ಟಿಯಾದ ಗಾರೆ, ಊಟದ ಪ್ಲಾಸ್ಟಿಕ್ ಕವರ್. ಮೇಲಿಂದ ಮಣ್ಣು ಸುರಿದರೆ ಎಲ್ಲ ಮುಚ್ಚಿಹೋಗುತ್ತದೆ. ಚೂಪು ಇಟ್ಟಿಗೆ ಗೋಡೆಯ ವಾಟರ್‌ಪ್ರೂಫಿಂಗ್ ಪದರವನ್ನು ಹರಿಯುತ್ತದೆ. ಮರ ಕೊಳೆತು ಮಣ್ಣು ಕುಸಿದು ಗೋಡೆಯ ಪಕ್ಕದಲ್ಲೇ ಹಳ್ಳ ಬೀಳುತ್ತದೆ. ಮುಂದಿನ ಮಳೆಯ ನೀರು ನೇರ ಅಲ್ಲಿಗೇ ಬರುತ್ತದೆ.

ಸರಿಯಾದ ಕ್ರಮ ಏನೂ ಕಷ್ಟದ್ದಲ್ಲ. ಕಸ ತೆಗೆಯಬೇಕು. ವಾಟರ್‌ಪ್ರೂಫಿಂಗ್ ಮೇಲೆ ಗುಬುಟು ಗುಬುಟಾದ ಪ್ಲಾಸ್ಟಿಕ್ ಶೀಟ್, ಅಂದರೆ ಡ್ರೈನ್ ಬೋರ್ಡ್, ಹೊದಿಸಬೇಕು. ಇದು ಪದರವನ್ನು ಕಾಪಾಡುತ್ತದೆ, ಗುಬುಟುಗಳ ಸಂದಿನಲ್ಲಿ ನೀರು ಬುಡದ ಪೈಪಿಗೆ ಇಳಿದುಹೋಗುತ್ತದೆ. ಗೋಡೆಗೆ ತಾಗಿ ಒಂದು ಅಡಿ ಅಗಲಕ್ಕೆ ಜಲ್ಲಿ ಅಥವಾ ದಪ್ಪ ಮರಳು, ಅದರಾಚೆ ಗರಸು. ಅರ್ಧ ಮುಕ್ಕಾಲು ಅಡಿ ಹಾಕುವುದು, ದಮ್ಮಸ್ಸು ಮಾಡುವುದು, ಮತ್ತೆ ಹಾಕುವುದು. ಮೇಲಿನ ಒಂದು ಅಡಿ ಮಾತ್ರ ಜಿಗುಟು ಮಣ್ಣು, ಮಳೆ ನೀರು ಒಳಗೆ ಇಳಿಯದಂತೆ. ಅದರ ಮೇಲೆ ಅಂಗಳ ಗೋಡೆಯಿಂದ ಆಚೆಗೆ ವಾಟವಾಗಿರಬೇಕು. 10 ಅಡಿಗೆ 6 ಇಂಚು ಇಳಿದರೆ ಚೆನ್ನ. ಬೆಂಗಳೂರಿನ ಸೈಟಿನಲ್ಲಿ ಮನೆಗೂ ಕಾಂಪೌಂಡಿಗೂ 10 ಅಡಿ ಎಲ್ಲಿಂದ ತರೋಣ, ಅಲ್ವಾ? ಇರುವ ಮೂರು ಅಡಿಯನ್ನೇ ಕಾಂಕ್ರೀಟ್ ಮಾಡಿ ಕಾಂಪೌಂಡ್ ಪಕ್ಕದ ಚರಂಡಿಯ ಕಡೆ ವಾಟ ಕೊಡಬಹುದು. ಚಾವಣಿಯ ಪೈಪುಗಳು ಗೋಡೆಯ ಬುಡಕ್ಕೆ ಸುರಿಯದಂತೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಅಗ್ಗದ ಕೆಲಸ ಇದು, ಮೊದಲು ಮಾಡಬೇಕಾದ್ದೂ ಇದೇ.

ಬಸಿಯುವುದೋ, ತಡೆಯುವುದೋ?

ವಾಟರ್‌ಪ್ರೂಫಿಂಗ್ ಮಾರುವವರು ‘ಇದೊಂದು ಬಳಿದರೆ ಸಾಕು’ ಅನ್ನುತ್ತಾರೆ. ಬಸಿಯುವ ವ್ಯವಸ್ಥೆ ಮಾಡಿಸುವವರು ಬಣ್ಣ ಯಾಕೆ ಅನ್ನುತ್ತಾರೆ. ನಿಜವಾಗಿ ನೋಡಬೇಕಾದ್ದು ನಿಮ್ಮ ಗೋಡೆಗೆ ಬರುತ್ತಿರುವ ನೀರು ಯಾವುದು ಎಂಬುದನ್ನು.

ಮಳೆ ಬಂದಾಗ ಮಾತ್ರ ಬಂದು ಹೋಗುವ ನೀರಾದರೆ ಬಸಿಯುವುದೇ ಜಾಣತನ. ಒತ್ತಡವೇ ಇಲ್ಲದಿದ್ದರೆ ಸಾಧಾರಣ ವಾಟರ್‌ಪ್ರೂಫಿಂಗ್ ಕೂಡ ಬಾಳಿಕೆ ಬರುತ್ತದೆ. ಆದರೆ ಬೇಸ್‌ಮೆಂಟ್ ವರ್ಷವಿಡೀ ಅಂತರ್ಜಲ ಮಟ್ಟದ ಕೆಳಗೇ ಇದೆ ಎಂದರೆ? ಕೆರೆ ಅಂಗಳದ ಪಕ್ಕದ ಬಡಾವಣೆಗಳಲ್ಲಿ ಹೀಗಿರುತ್ತದೆ. ಅಲ್ಲಿ ಬಸಿಯುವುದೆಂದರೆ ಕಟ್ಟಡ ಇರುವವರೆಗೆ ಪಂಪ್ ಓಡಿಸುವುದು. ಇಡೀ ಬಡಾವಣೆಯ ನೀರನ್ನು ನೀವೊಬ್ಬರೇ ಎತ್ತಿದ ಹಾಗೆ. ಅಕ್ಕಪಕ್ಕದವರ ನೆಲದಡಿಯ ಮಟ್ಟವೂ ಇಳಿದು ಅವರ ಪಾಯ ಕೂರುವ ಸಂಭವ ಇರುತ್ತದೆ. ಇಂಥ ಕಡೆ ನೀರನ್ನು ಹೊರಗೇ ನಿಲ್ಲಿಸುವುದು ಸರಿ. ಗೋಡೆಯನ್ನೂ ರಾಫ್ಟನ್ನೂ ಪೂರ್ತಿ ನೀರಿನ ಒತ್ತಡಕ್ಕೆ ಲೆಕ್ಕ ಹಾಕಿ ಕಟ್ಟಬೇಕು, ಅಡಿಯಿಂದ ಗೋಡೆಯ ಮೇಲಿನವರೆಗೆ ಒಂದೇ ಸಮ ಪದರ ಹೊದಿಸಬೇಕು. ನೀರಿನ ಟ್ಯಾಂಕ್‌ಗಳಿಗೆಂದು ಇರುವ ಭಾರತೀಯ ಮಾನಕ ಐಎಸ್ 3370ರ ಪ್ರಕಾರ ಕಾಂಕ್ರೀಟ್ ಬಿರುಕು 0.2 ಮಿಲಿಮೀಟರ್ ದಾಟಬಾರದು. ಇಂಥ ಬೇಸ್‌ಮೆಂಟ್ ಕೂಡ ಒಂದು ಟ್ಯಾಂಕೇ, ನೀರು ಹೊರಗಿದೆ ಅಷ್ಟೇ.

ನಮ್ಮಲ್ಲಿ ಇದಕ್ಕೆ ಹಳೆಯ ವಿಧಾನ ಒಂದಿದೆ, ಬಾಕ್ಸ್ ವಾಟರ್‌ಪ್ರೂಫಿಂಗ್. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಮನೆಯ ನೆಲಕ್ಕೆ ಹಾಕುವುದು ಎಲ್ಲರಿಗೂ ಗೊತ್ತು. ಅದೇ ಕಲ್ಲಿನ ಒರಟು ಚಪ್ಪಡಿಗಳನ್ನು ರಾಫ್ಟಿನ ಅಡಿಯಲ್ಲಿ ಗಾರೆ ಮೇಲೆ ಹಾಸುತ್ತಾರೆ. ಗೋಡೆಯ ಹೊರಗೂ ಒಂದು ಇಂಚಿನಷ್ಟು ಸಂದಿ ಬಿಟ್ಟು ನಿಲ್ಲಿಸಿ, ಸಂದಿಗೆ ವಾಟರ್‌ಪ್ರೂಫಿಂಗ್ ಪುಡಿ ಬೆರೆಸಿದ ಸಿಮೆಂಟ್ ಹಾಲು ಸುರಿಯುತ್ತಾರೆ. ಕಟ್ಟಡವನ್ನು ಕಲ್ಲಿನ ಪೆಟ್ಟಿಗೆಯೊಳಗೆ ಕೂರಿಸಿದಂತೆ ಆಗುತ್ತದೆ. ಕೂಲಿ ಜಾಸ್ತಿ, ಜಾಗವೂ ಬೇಕು. ಪಕ್ಕದ ಮನೆಗೆ ತಾಗಿ ಅಗೆದ ಸೈಟಿನಲ್ಲಿ ಹೊರಗೆ ನಿಂತು ಕಲ್ಲು ಜೋಡಿಸಲು ಆಗುವುದಿಲ್ಲ. ಈಗ ಹೆಚ್ಚಿನವರು ಅಂಟಿಸುವ ಶೀಟುಗಳ ಕಡೆ ಹೋಗಿದ್ದಾರೆ.

ಯಾವ ವಿಧಾನವೇ ಇರಲಿ, ನೀರು ಮೊದಲು ಹುಡುಕುವುದು ನೆಲ ಮತ್ತು ಗೋಡೆ ಸೇರುವ ಜಾಗವನ್ನು. ರಾಫ್ಟ್ ಒಂದು ದಿನ ಹಾಕುತ್ತಾರೆ, ಗೋಡೆ ಇನ್ನೊಂದು ದಿನ. ನಿನ್ನೆಯ ಕಾಂಕ್ರೀಟಿಗೆ ಇವತ್ತಿನದ್ದು ಪೂರ್ತಿ ಬೆಸೆಯುವುದಿಲ್ಲ. ಆ ಗೆರೆಯಲ್ಲಿ ಅರ್ಧ ಕಾಂಕ್ರೀಟಿನೊಳಗೆ, ಅರ್ಧ ಮೇಲೆ ಇರುವಂತೆ ಪಿವಿಸಿ ವಾಟರ್ ಸ್ಟಾಪರ್ ಪಟ್ಟಿ ನಿಲ್ಲಿಸಬೇಕು. ಕಂಬಿ ಕಟ್ಟುವವರು ಅಡ್ಡ ಬಂತೆಂದು ಅದನ್ನು ಮಡಚಿಬಿಡುತ್ತಾರೆ, ಮೊಳೆ ಹೊಡೆಯುತ್ತಾರೆ. ಕಾಂಕ್ರೀಟ್ ಬೀಳುವ ಮುಂಚೆ ಅದು ನೆಟ್ಟಗೆ ನಿಂತಿದೆಯೇ ಎಂದು ಸುಮ್ನೆ ಒಂದು ಸುತ್ತು ನೋಡಿ ಬನ್ನಿ. ಎರಡನೇ ದುರ್ಬಲ ಜಾಗ ಸೆಂಟ್ರಿಂಗ್ ಹಲಗೆ ಬಿಗಿಯಲು ಗೋಡೆಯ ಅಡ್ಡಕ್ಕೆ ಹಾಕಿದ ಪೈಪಿನ ತೂತುಗಳು. ಮೂರನೆಯದು, ಕಾಂಕ್ರೀಟನ್ನು ಅದುರಿಸಿ ಬಿಗಿ ಮಾಡುವ ವೈಬ್ರೇಟರ್ ಮುಟ್ಟದೆ ಜೇನುಗೂಡಿನಂತಾದ ಕಾಂಕ್ರೀಟ್.

ಈಗಾಗಲೇ ಜಿನುಗುತ್ತಿದ್ದರೆ

ಮೊದಲು ಪತ್ತೆ. ಮಳೆ ಬಂದ ಒಂದೆರಡು ಗಂಟೆಯಲ್ಲೇ ನೀರು ಬಂದು ಮಾರನೇ ದಿನ ನಿಂತರೆ ಅದು ಮೇಲಿನ ನೀರು, ಅಂಗಳ ಮತ್ತು ಚಾವಣಿ ಪೈಪು ನೋಡಿ. ಮಳೆಗಾಲ ಮುಗಿದ ಮೇಲೂ ವಾರಗಟ್ಟಲೆ ಬಂದು, ಬೇಸಿಗೆಗೆ ತಾನಾಗಿ ಇಳಿದರೆ ಅಂತರ್ಜಲ. ವರ್ಷವಿಡೀ ಒಂದೇ ಸಮ ಬಂದರೆ, ಸೈಟು ಕೆರೆ ಅಂಗಳದ ಪಕ್ಕ ಇಲ್ಲದಿದ್ದರೆ, ಬಹುಶಃ ಯಾವುದೋ ಪೈಪು ಸೋರುತ್ತಿದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಪರೀಕ್ಷೆಯ ಕಿಟ್‌ನಲ್ಲಿ ನೋಡಿ. ಕ್ಲೋರಿನ್ ಇದ್ದರೆ ಅದು ನಲ್ಲಿ ನೀರು, ದುಡ್ಡು ಕೊಟ್ಟು ತರಿಸಿದ್ದು. ಕ್ಲೋರಿನ್ ಕಾಣದಿದ್ದರೆ ಮಾತ್ರ ಪೈಪಲ್ಲ ಎಂದು ತೀರ್ಮಾನಿಸಬೇಡಿ, ಮಣ್ಣಿನಲ್ಲಿ ಹಾದು ಬರುವಾಗ ಅದು ಕಳೆದುಹೋಗಬಹುದು. ಗೋಡೆ ಬರೀ ಒದ್ದೆ ಇದ್ದು ನೀರು ಹರಿಯದಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ಹಾಳೆಯ ಹಿಂದೆ ಹನಿ ಇದ್ದರೆ ಗೋಡೆಯಿಂದ ಬಂದದ್ದು, ಮುಂದೆ ಇದ್ದರೆ ಬೇಸ್‌ಮೆಂಟ್ ಗಾಳಿಯ ತೇವ. ಎರಡನೆಯದಕ್ಕೆ ಫ್ಯಾನ್ ಮತ್ತು ಗಾಳಿಕಿಂಡಿ ಸಾಕು. ಗೋಡೆಯ ಮೇಲೆ ಬಿಳಿ ಉಪ್ಪು ಕಂಡರೆ ನೀರು ಕಾಂಕ್ರೀಟಿನ ಸುಣ್ಣವನ್ನು ಕರಗಿಸಿ ತರುತ್ತಿದೆ ಎಂದರ್ಥ. ಅದರ ಮೇಲೆ ಪೇಂಟ್ ಹೊಡೆದರೆ ಮುಂದಿನ ಮಳೆಗೆ ಕಿತ್ತು ಬರುತ್ತದೆ.

ಒಳಗಿನಿಂದ ಬಳಿಯುವ ಪದರ ಯಾವಾಗಲೂ ಸೋಲುವ ಕಡೆ ನಿಂತು ಆಡುವ ಆಟ. ಹೊರಗೆ ಬಳಿದ ಪದರವನ್ನು ನೀರೇ ಗೋಡೆಗೆ ಅದುಮುತ್ತದೆ, ಒಳಗೆ ಬಳಿದದ್ದನ್ನು ನೀರು ಗೋಡೆಯಿಂದ ಕಿತ್ತೊಗೆಯಲು ನೋಡುತ್ತದೆ. ಬಿರುಕಿನ ಪಕ್ಕ ಓರೆಯಾಗಿ ತೂತು ಕೊರೆದು, ನಳಿಕೆ ಕೂರಿಸಿ, ನೀರು ತಾಗಿದರೆ ಉಬ್ಬುವ ಪಾಲಿಯುರೆಥೇನ್ ತುಂಬುವ ವಿಧಾನ ಒಂದು ಬಿರುಕಿಗೆ ಒಳ್ಳೆಯದು. ಆದರೆ ಹೊರಗಿನ ಒತ್ತಡ ಇಳಿಯದಿದ್ದರೆ ನೀರು ನಾಲ್ಕು ಅಡಿ ಆಚೆ ಇನ್ನೊಂದು ಸಂದು ಹುಡುಕುತ್ತದೆ. ಕಂಟ್ರಾಕ್ಟರ್ ಮತ್ತೆ ಬರುತ್ತಾರೆ, ಬಿಲ್ಲೂ ಬರುತ್ತದೆ. ಹೊರಗೆ ಅಗೆಯಲು ಜಾಗವಿಲ್ಲದ ಕಡೆ ಗೋಡೆಯ ಒಳಬದಿಯ ಬುಡದಲ್ಲಿ ಸಣ್ಣ ಕಾಲುವೆ ಕೊರೆದು, ಬಂದ ನೀರನ್ನು ಗುಂಡಿಗೆ ಕರೆದೊಯ್ಯುವುದು ಅಷ್ಟು ಅಂದವಲ್ಲದಿದ್ದರೂ ಬಾಳಿಕೆ ಬರುವ ಉಪಾಯ.

ಗುಂಡಿಯ ಪಂಪಿಗೆ ನೀರು ಏರಿದಾಗ ತಾನಾಗಿ ಆನ್ ಆಗುವ ಫ್ಲೋಟ್ ಸ್ವಿಚ್ ಬೇಕು, ನೀರು ವಾಪಸ್ ಬರದಂತೆ ನಾನ್ ರಿಟರ್ನ್ ವಾಲ್ವ್ ಬೇಕು. ಪಂಪ್ ಎರಡಿರಬೇಕು, ಜನರೇಟರ್ ಸಂಪರ್ಕವೂ ಇರಬೇಕು. ಜೋರು ಮಳೆಯ ಹೊತ್ತಿಗೇ ಕರೆಂಟ್ ಹೋಗುವುದು ಗೊತ್ತಿರುವ ವಿಚಾರ. ಹೊರಹಾಕಿದ ನೀರನ್ನು ಒಳಚರಂಡಿಗೆ ಬಿಡಬಾರದು, ಮಳೆನೀರಿನ ಚರಂಡಿಗೆ ಬಿಡಬೇಕು. ಅಲ್ಲೂ ಒಂದು ಎಚ್ಚರ: ರಾಜಕಾಲುವೆ ತುಂಬಿದ ದಿನ ಅದೇ ಪೈಪಿನಲ್ಲಿ ನೀರು ಒಳಗೆ ನುಗ್ಗಬಹುದು. ಬಸಿನೀರು ಸ್ವಚ್ಛವಿದ್ದರೆ, ಪರೀಕ್ಷೆ ಮಾಡಿಸಿ, ಗಿಡಕ್ಕೆ, ಫ್ಲಶ್‌ಗೆ ಬಳಸಬಹುದು. ಟ್ಯಾಂಕರ್‌ಗೆ ದುಡ್ಡು ಕೊಡುತ್ತಾ ಇದನ್ನು ಮೋರಿಗೆ ಬಿಡುವುದು ನನಗಂತೂ ಅರ್ಥವಾಗದ ಲೆಕ್ಕ. ಪಂಪಿನಲ್ಲಿ ತಿಳಿ ನೀರು ಬರುತ್ತಿದ್ದರೆ ಸರಿ. ದಿನವೂ ಮಣ್ಣು ಬೆರೆತ ಕೆಂಪು ನೀರು ಬರುತ್ತಿದ್ದರೆ ಪಾಯದ ಅಡಿಯ ಮಣ್ಣು ಹೊರಗೆ ಹೋಗುತ್ತಿದೆ ಎಂದರ್ಥ. ತಡಮಾಡದೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಬೆಂಗಳೂರು ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದ ನಗರದಲ್ಲಿ ನಿಗದಿತ ಅಳತೆಗಿಂತ ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಇಂಗುಬಾವಿ ಒಳ್ಳೆಯ ಕೆಲಸವೇ. ಆದರೆ ಬೇಸ್‌ಮೆಂಟ್ ಗೋಡೆಯಿಂದ ನಾಲ್ಕು ಅಡಿಗೆ ಇಂಗುಬಾವಿ ತೋಡಿದರೆ ಚಾವಣಿಯ ನೀರನ್ನು ಗೋಡೆಗೇ ಕುಡಿಸಿದಂತೆ. ಆದಷ್ಟು ದೂರ, ತಗ್ಗಿನ ಬದಿಗೆ ಇರಲಿ. ರಾಫ್ಟಿನ ಮಟ್ಟದವರೆಗೆ ಬಾವಿಯ ಕಾಂಕ್ರೀಟ್ ಉಂಗುರಗಳಿಗೆ ತೂತು ಇಲ್ಲದಿರಲಿ, ನೀರು ಅದಕ್ಕಿಂತ ಕೆಳಗೆ ಇಂಗಲಿ.

ಊರು ಬದಲಾದರೆ ಮಣ್ಣೂ ಬದಲು

ಮಂಗಳೂರು ಕಡೆ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ. ಮೇಲಿನ ಮುರಕಲ್ಲಿನಲ್ಲಿ, ಅಂದರೆ ತೂತು ತೂತಾದ ಕೆಂಪು ಕಲ್ಲಿನಲ್ಲಿ, ನೀರು ಸರಾಗ ಇಳಿಯುತ್ತದೆ, ಅಡಿಯ ಶೇಡಿ ಎಂಬ ನಯವಾದ ಜೇಡಿ ಮಣ್ಣಿನಲ್ಲಿ ತಡೆದು ಪಕ್ಕಕ್ಕೆ ಹರಿಯುತ್ತದೆ. ಶೇಡಿ ಮಣ್ಣು ನೆನೆದರೆ ಬಲ ಕಳೆದುಕೊಳ್ಳುತ್ತದೆ. ಗುಡ್ಡ ಕಡಿದು ಕಟ್ಟಿದ ತಡೆಗೋಡೆಗಳಲ್ಲಿ ಹಾಗಾಗಿ ವೀಪ್ ಹೋಲ್, ಅಂದರೆ ನೀರು ಬಿಡುವ ಪೈಪಿನ ತೂತುಗಳು, ಜೀವಾಳ. ಒಂದೂವರೆ ಎರಡು ಮೀಟರಿಗೆ ಒಂದರಂತೆ 3–4 ಇಂಚಿನ ಪೈಪು, ಅದರ ಹಿಂದೆ ಜಲ್ಲಿ. ಮಳೆಗಾಲದಲ್ಲಿ ತೂತಿನಿಂದ ನೀರು ಬೀಳುತ್ತಿದ್ದರೆ ಗೋಡೆ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಗೋಡೆ ಕೊಳೆಯಾಗುತ್ತದೆಂದು ಸಿಮೆಂಟ್ ಹಾಕಿ ಮುಚ್ಚುವವರಿದ್ದಾರೆ, ಹಾಗೆ ಮಾಡಬಾರದು.

ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಸಮಸ್ಯೆ ತಿರುವುಮುರುವು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಉಬ್ಬಿದಾಗ ಮಣ್ಣೇ ಗೋಡೆಯನ್ನು ತಳ್ಳುತ್ತದೆ. ಅಲ್ಲಿ ಅಗೆದ ಎರೆ ಮಣ್ಣನ್ನೇ ಮತ್ತೆ ಗೋಡೆಯ ಸಂದಿಗೆ ತುಂಬಬಾರದು, ಗರಸು ತರಿಸಬೇಕು.

ತುಂಬಿದ ಬೇಸ್‌ಮೆಂಟನ್ನು ಖಾಲಿ ಮಾಡುವಾಗ

ಜೋರು ಮಳೆಗೆ ಬೇಸ್‌ಮೆಂಟ್ ತುಂಬಿದರೆ ಮೊದಲ ಕೆಲಸ ಕರೆಂಟ್ ತೆಗೆಯುವುದು. ಮೇನ್ ಸ್ವಿಚ್ ಬೇಸ್‌ಮೆಂಟ್‌ನಲ್ಲೇ ಇದ್ದರೆ ನೀರಿಗೆ ಇಳಿಯಬೇಡಿ. ಬೆಸ್ಕಾಂಗೆ ಫೋನ್ ಮಾಡಿ ಹೊರಗಿನಿಂದಲೇ ಲೈನ್ ತೆಗೆಸಿ. ಪಂಪಿಗೆ ವಿದ್ಯುತ್ ಮೇಲಿನಿಂದ, ಒಣ ಜಾಗದಿಂದ, ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ ಇರುವ ಲೈನಿನಿಂದ ಬರಲಿ. ವೈರ್ ಜೋಡಣೆ ನೀರಿನಲ್ಲಿ ಬಿದ್ದಿರಬಾರದು.

ಆಮೇಲೆ ಅವಸರ ಬೇಡ. ಹೊರಗಿನ ಮಣ್ಣು ಪೂರ್ತಿ ನೆನೆದಿರುತ್ತದೆ. ಒಳಗೆ ನಿಂತ ನೀರು ಆ ಒತ್ತಡಕ್ಕೆ ಎದುರಾಗಿ ಗೋಡೆಯನ್ನು ಹಿಡಿದಿರುತ್ತದೆ. ನಾಲ್ಕು ಪಂಪ್ ಹಾಕಿ ಒಂದೇ ರಾತ್ರಿಯಲ್ಲಿ ಒಳಗಿನದನ್ನು ತೆಗೆದರೆ ಗೋಡೆ ಒಳಕ್ಕೆ ವಾಲಬಹುದು, ನೆಲ ಮೇಲೇಳಬಹುದು. ಹೊರಗಿನ ನೀರು ಇಳಿದ ಮೇಲೆ ಒಂದು ಅಡಿ ತೆಗೆಯಿರಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ರಾತ್ರಿ ಬಿಡಿ. ಬೆಳಿಗ್ಗೆ ನೀರು ಗೆರೆಯ ಮೇಲೆ ಬಂದಿದ್ದರೆ ಹೊರಗಿನ ಒತ್ತಡ ಇನ್ನೂ ಇಳಿದಿಲ್ಲ, ಪಂಪ್ ಹಾಕಬೇಡಿ. ಗೆರೆಯಲ್ಲೇ ನಿಂತಿದ್ದರೆ ಇನ್ನೊಂದು ಅಡಿ ತೆಗೆಯಬಹುದು.